ಸೋಪಿನ ನೀರಿಗೆ ಬಿದ್ದ ಬ್ಯಾಲೆ ಬೂಟು

ಹೆಬ್ಬೆರಳ ತುದಿಯ ಮೇಲೆ ನಿಂತು ಕುಣಿಯುವುದಕ್ಕೇ ಅಂತ ಒಂದು ಬೂಟು ಇದೆ ಎಂದು ನನಗೆ ಗೊತ್ತಾದದ್ದು ಅರವತ್ತೆಂಟನೇ ವಯಸ್ಸಿನಲ್ಲಿ. ಗೊತ್ತಾದ ಸ್ವಲ್ಪ ದಿನಕ್ಕೇ ಅಂಥದ್ದೊಂದು ಜೊತೆಯನ್ನು ಹಾಳು ಮಾಡಿದೆ. ಬೇಕಂತ ಮಾಡಿದ್ದಲ್ಲ. ಆದರೆ ಬೇಕಂತ ಮಾಡಿದ್ದರೂ ಅದಕ್ಕಿಂತ ಚೆನ್ನಾಗಿ ಹಾಳು ಮಾಡೋಕೆ ಆಗುತ್ತಿರಲಿಲ್ಲ.

ಆಗ ನಾನು ಮಲೇಷ್ಯಾದ ಸೈಬರ್‌ಜಯಾದಲ್ಲಿ ಮಗಳ ಮನೆಯಲ್ಲಿದ್ದೆ. ಮೂರು ತಿಂಗಳಿಗೆ ಅಂತ ಮೈಸೂರಿನಿಂದ ಹೋದವಳು. ಕೊರೊನಾ ಬಂತು, ವಿಮಾನ ನಿಂತಿತು, ನಾನೂ ಅಲ್ಲೇ ನಿಂತೆ. ಹದಿನಾಲ್ಕನೇ ಮಹಡಿ. ಬಾಲ್ಕನಿಯಿಂದ ಕೆಳಗೆ ನೋಡಿದರೆ ಈಜುಕೊಳ. ಅದರ ಸುತ್ತ ಹಳದಿ ಪಟ್ಟಿ ಕಟ್ಟಿದ್ದರು, ನೀರಿಗೇ ಜ್ವರ ಬಂದ ಹಾಗೆ. ಮಗಳಿಗೂ ಅಳಿಯಂದಿರಿಗೂ ಕಂಪ್ಯೂಟರ್ ಕೆಲಸ. ಮುಂಚೆ ಕಾರು ಹತ್ತಿ ಆಫೀಸಿಗೆ ಹೋಗುತ್ತಿದ್ದವರು ಈಗ ಒಬ್ಬಳು ಮಲಗುವ ಕೋಣೆಯಲ್ಲಿ, ಒಬ್ಬರು ಊಟದ ಮೇಜಿನ ಮುಂದೆ. ಇಬ್ಬರೂ ಹಗಲೆಲ್ಲ ಕಣ್ಣಿಗೆ ಕಾಣದ ಜನಕ್ಕೆ ‘ಕೇಳಿಸ್ತಿದೆಯಾ, ಕೇಳಿಸ್ತಿದೆಯಾ’ ಅಂತ ಕೂಗುತ್ತಿದ್ದರು. ಅಷ್ಟು ಕೂಗಾಟದಿಂದ ಯಾರಿಗೂ ತೊಂದರೆಯಿಲ್ಲ, ನನ್ನ ಕುಕ್ಕರ್ ಮೂರು ಸಲ ಕೂಗಿದರೆ ಮೀಟಿಂಗ್ ಕೆಡುತ್ತಿತ್ತು.

ಮೊಮ್ಮಗಳಿಗೆ ಹನ್ನೆರಡು ವರ್ಷ. ಐದನೇ ವಯಸ್ಸಿನಿಂದ ಬಾಂಗ್ಸಾರಿನಲ್ಲಿ ಬ್ಯಾಲೆ ಕಲಿಯುತ್ತಿದ್ದಳು. ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ನಲ್ಲಿ ಭರತನಾಟ್ಯ ಹೇಳಿಕೊಡುತ್ತಾರಂತೆ, ಅಲ್ಲಿಗೇ ಹಾಕು, ಬರುವಾಗ ಕರಿಬೇವು ತರಬಹುದು ಅಂತ ನಾನು ಮೊದಲ ವರ್ಷವೇ ಫೋನಿನಲ್ಲಿ ಹೇಳಿದ್ದೆ. ‘ಅವಳಿಗೆ ಇಷ್ಟ ಇರೋದು ಕಲೀಲಿ ಬಿಡಮ್ಮ’ ಅಂದಿದ್ದಳು ಮಗಳು. ಐದು ವರ್ಷದ ಮಗುವಿಗೆ ಬ್ಯಾಲೆ ಇಷ್ಟ ಅಂತ ಹೇಗೆ ಗೊತ್ತಾಯಿತೋ. ಆಫೀಸಿನ ಗೆಳತಿಯ ಮಗಳು ಅದೇ ಕ್ಲಾಸಿಗೆ ಹೋಗುತ್ತಿದ್ದಳು ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಆದರೂ ಒಂದು ಮಾತು ಹೇಳಬೇಕು. ಇಷ್ಟ ಅನ್ನೋದು ಆ ಮಗುವಿಗೆ ಆಮೇಲೆ ನಿಜವಾಗಿಯೇ ಬಂತು.

ಊರು ಮುಚ್ಚಿದ ಮೇಲೆ ಕ್ಲಾಸೂ ಕಂಪ್ಯೂಟರಿನೊಳಕ್ಕೆ ಬಂತು. ಬ್ಯಾಲೆಗೆ ಹಿಡಿದುಕೊಳ್ಳುವುದಕ್ಕೆ ಒಂದು ಕಂಬಿ ಬೇಕು. ಮನೆಯಲ್ಲಿ ಕಂಬಿ ಇರಲಿಲ್ಲ, ಅಳಿಯಂದಿರು ಕೂತಿದ್ದ ಕುರ್ಚಿ ಇತ್ತು. ಎತ್ತರ ಸರಿಯಾಗಿ ಸಿಗುತ್ತಿದ್ದದ್ದು ಅದೊಂದೇ. ಹೀಗಾಗಿ ಅವರು ಮೀಟಿಂಗಿನಲ್ಲಿ ಗಂಭೀರವಾಗಿ ಮಾತಾಡುತ್ತಿದ್ದರೆ ಬೆನ್ನ ಹಿಂದಿನಿಂದ ಒಂದು ಕಾಲು ನಿಧಾನವಾಗಿ ಏಳುವುದು, ಕಿವಿಯ ಪಕ್ಕ ಒಂದು ಗಳಿಗೆ ನಿಲ್ಲುವುದು, ಮತ್ತೆ ಇಳಿಯುವುದು. ಅವರ ಆಫೀಸಿನವರು ಏನೆಂದುಕೊಂಡರೋ. ಯಾರೂ ಕೇಳಲಿಲ್ಲವಂತೆ. ದೊಡ್ಡ ಕಂಪನಿಯಲ್ಲಿ ಅಂಥದ್ದನ್ನು ಕೇಳಬಾರದೇನೋ.

ಟೀಚರ್ ಚೀನಿ ಹೆಂಗಸು, ತೆಳ್ಳಗೆ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳಿರಬೇಕು, ಬೆನ್ನು ಮಾತ್ರ ಹದಿನೆಂಟರದ್ದು. ವರ್ಷಾವರ್ಷ ಮಾಡುವ ಪ್ರದರ್ಶನವನ್ನು ಬಿಡಲು ಆಕೆಗೆ ಮನಸ್ಸಿರಲಿಲ್ಲ. ಥಿಯೇಟರು ಮುಚ್ಚಿತ್ತು. ಒಂದೊಂದು ಮಗುವೂ ಅವರವರ ಮನೆಯಲ್ಲಿ ಕುಣಿದು ವಿಡಿಯೋ ಕಳಿಸಬೇಕು, ಎಲ್ಲವನ್ನೂ ಚೌಕ ಚೌಕ ಸೇರಿಸಿ ಒಂದು ಮಾಡುತ್ತೇವೆ ಅಂದಳು. ಈ ವರ್ಷದ ವಿಷಯ, ಎಂಬತ್ತರ ದಶಕದ ಡ್ಯಾನ್ಸು. ಆಕೆ ವಯಸ್ಸಿನಲ್ಲಿ ಕುಣಿಯುತ್ತಿದ್ದ ಕಾಲ ಅದು. ಆಗಿನ ಉಡುಪೇ ಹಾಕಬೇಕು: ಮೈಗಂಟಿದ ಬಣ್ಣದ ಬಟ್ಟೆ, ಹಣೆಗೆ ಪಟ್ಟಿ, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಉಣ್ಣೆ ಚೀಲ. ಪಾದ ಇಲ್ಲದ ಕಾಲುಚೀಲ ಅದು. ಚಳಿದೇಶದವರು ಕಾಲು ಬೆಚ್ಚಗಿರಲಿ ಅಂತ ಹಾಕಿಕೊಳ್ಳುತ್ತಿದ್ದರಂತೆ. ಸುಮ್ಮನೆ ನಿಂತರೆ ಬೆವರು ಇಳಿಯುವ ಮಲೇಷ್ಯಾದಲ್ಲಿ ಇಪ್ಪತ್ತು ಮಕ್ಕಳು ಉಣ್ಣೆ ಸುತ್ತಿಕೊಂಡು ಕುಣಿಯಬೇಕು.

‘ಅಮ್ಮ, ನೀನು ಎಂಬತ್ತರಲ್ಲಿ ಇದ್ದೆಯಲ್ಲ, ಆಗ ಡ್ಯಾನ್ಸಿಗೆ ಏನು ಹಾಕ್ಕೋತಿದ್ರು?’ ಅಂದಳು ಮಗಳು.

‘ಆಗ ನಿನ್ನ ಚಡ್ಡಿ ಒಗೀತಿದ್ದೆ. ಡ್ಯಾನ್ಸ್ ನೋಡೋಕೆ ಪುರುಸೊತ್ತಿರಲಿಲ್ಲ.’

ಅದು ಪೂರ್ತಿ ನಿಜವಲ್ಲ. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದವಳು. ನಾಲ್ಕನೇ ಕ್ಲಾಸಿಗೆ ಬಿಡಿಸಿ ಮೆಷಿನ್ ಮುಂದೆ ಕೂರಿಸಿದ್ದರು. ಸ್ಕೂಲ್ ಡೇ ಬಂದರೆ ಬೀದಿಯ ಕೊನೆಯ ಶಾಲೆಯ ಟೀಚರು ಒಂದು ಥಾನು ಬಟ್ಟೆ ತಂದು ಹಾಕುತ್ತಿದ್ದರು, ಯಾವಾಗಲೂ ರಾಣಿ ಬಣ್ಣ. ಮೂವತ್ತು ಹುಡುಗಿಯರಿಗೆ ಒಂದೇ ಅಳತೆ. ಬುಗ್ಗೆ ತೋಳು ಇರಲೇಬೇಕು, ಆಗ ಬುಗ್ಗೆ ತೋಳಿಲ್ಲದೆ ದೇವಿಯೂ ಕುಣಿಯುತ್ತಿರಲಿಲ್ಲ. ಅಂಚಿಗೆ ಚಮಕಿ, ಸೊಂಟಕ್ಕೆ ಬಂಗಾರದ ಕಾಗದ, ಮುಖಕ್ಕೆ ಅಕ್ಕಿಹಿಟ್ಟಿನ ಹಾಗೆ ಪೌಡರು. ಒಂದು ಸಲ ನವಿಲು ನೃತ್ಯದಲ್ಲಿ ನಡುವಿನ ನವಿಲಿನ ಲಾಡಿ ಬಿಚ್ಚಿತು. ಆ ಹುಡುಗಿ ಒಂದು ಕೈಯಲ್ಲಿ ಲಂಗ ಹಿಡಿದುಕೊಂಡು ಒಂದೇ ರೆಕ್ಕೆಯಲ್ಲಿ ಕೊನೆವರೆಗೂ ಹಾರಿದಳು. ಜನ ಚಪ್ಪಾಳೆ ತಟ್ಟಿದರು, ಗಾಯಗೊಂಡ ನವಿಲು ಅಂದುಕೊಂಡು. ಲಾಡಿ ಪೋಣಿಸಿದ್ದು ನಾನು, ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಇದನ್ನೆಲ್ಲ ಹೇಳಿದರೆ ಮಗಳು ‘ಅದಲ್ಲಮ್ಮ, ಫಾರಿನ್ನಿನ ಎಂಬತ್ತು’ ಅಂದಳು. ಎಂಬತ್ತರಲ್ಲೂ ಎರಡಿದೆ ಅಂತ ನನಗೆ ಗೊತ್ತಿರಲಿಲ್ಲ.

ಉಣ್ಣೆ ಚೀಲ ಎಲ್ಲಿಂದ ತರುವುದು? ಹತ್ತು ಕಿಲೋಮೀಟರ್ ದಾಟುವ ಹಾಗಿಲ್ಲ, ಅಂಗಡಿಯೂ ಇಲ್ಲ. ಅಳಿಯಂದಿರ ಬೀರುವಿನಲ್ಲಿ ಒಂದು ಸ್ವೆಟರ್ ಇತ್ತು, ಆಫೀಸಿನ ಏಸಿಗೆ ಅಂತ ಇಟ್ಟುಕೊಂಡದ್ದು, ನೇರಳೆ ಬಣ್ಣ. ತೋಳು ಎರಡನ್ನೂ ಕತ್ತರಿಸಿ ಅಂಚು ಮಡಿಸಿ ಎಲಾಸ್ಟಿಕ್ ಹಾಕಿದೆ. ಮಗುವಿನ ಕಾಲಿಗೆ ಅಳೆದು ಮಾಡಿಸಿದ ಹಾಗೆ ಕೂತಿತು.

‘ಅತ್ತೆ, ಅದು ನನ್ನ ಸ್ವೆಟರ್’ ಅಂದರು ಅಳಿಯಂದಿರು.

‘ಆಫೀಸಿಗೆ ಹೋಗ್ತಿದ್ದೀರಾ?’

‘ಇಲ್ಲ.’

‘ಮತ್ತೆ?’

ಅವರು ತೋಳಿಲ್ಲದ್ದನ್ನೇ ಹಾಕಿಕೊಂಡು ಮೀಟಿಂಗಿಗೆ ಕೂತರು. ಹೊಸ ಫ್ಯಾಷನ್ನಾ, ಎಲ್ಲಿ ತಗೊಂಡ್ರಿ ಅಂತ ಆ ಕಡೆಯಿಂದ ಯಾರೋ ಕೇಳಿದರಂತೆ. ಕಾಲು ಕಂಡಾಗ ಬಾಯಿಬಿಡದವರು.

ಇದುವರೆಗೂ ಎಲ್ಲ ತಮಾಷೆಯೇ. ಬೂಟಿನ ವಿಷಯ ತಮಾಷೆಯಲ್ಲ.

ಆ ಕುಣಿತದ ನಡುವೆ ಎಂಟು ಎಣಿಕೆಯ ಒಂದು ಜಾಗ ಇತ್ತು. ಉಳಿದವರೆಲ್ಲ ಕುರ್ಚಿ ಹಿಡಿದು ನಿಲ್ಲುತ್ತಾರೆ, ಮೂವರು ಮಾತ್ರ ಬೆರಳ ತುದಿಯ ಮೇಲೆ ಎದ್ದು ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಸುತ್ತುತ್ತಾರೆ. ಆ ಮೂವರಲ್ಲಿ ನನ್ನ ಮೊಮ್ಮಗಳು ಒಬ್ಬಳು. ಅದಕ್ಕೆ ಬೇರೆ ಬೂಟು ಬೇಕು, ತುದಿ ಕಲ್ಲಿನಂತೆ ಗಟ್ಟಿ. ಯಾರು ಬೇಕಾದರೂ ಹಾಕುವ ಹಾಗಿಲ್ಲ, ಕಾಲಿನಲ್ಲಿ ಬಲ ಬಂದಿದೆ ಅಂತ ಟೀಚರ್ ಒಪ್ಪಬೇಕು. ಈ ಹುಡುಗಿ ಎರಡು ವರ್ಷ ಕಾದಿದ್ದಳು. ಊರು ಮುಚ್ಚುವ ಮುಂಚೆ ಅಂಗಡಿಗೆ ಹೋಗಿ ಅರ್ಧ ದಿನ ಅಳತೆ ಕೊಟ್ಟು ಬಂದಿದ್ದಳು, ಅವಳ ಪಾದಕ್ಕೆ ಹೊಂದುವುದು ಹೊರದೇಶದಿಂದ ಬರಬೇಕಿತ್ತು. ಊಟಕ್ಕೆ ಕೂತರೆ ಮೇಜಿನ ಕೆಳಗೆ ಕಾಲು, ಮೇಲೆ ತಟ್ಟೆಯಂಚಿನಲ್ಲಿ ಬೆರಳು, ಒಂದರಿಂದ ಎಂಟು. ಸಾರು ಆರಿ ತಣ್ಣಗಾಗುತ್ತಿತ್ತು.

‘ಎಂಟೇ ತಾನೆ, ಅದಕ್ಕೆ ಇಷ್ಟಾ?’ ಅಂದೆ.

‘ಅಜ್ಜಿ, ಇಟ್ಸ್ ಮೈ ಎಯ್ಟ್’ ಅಂದಳು. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಇಂಗ್ಲಿಷು.

ಇನ್ನು ನನ್ನ ಕೆಲಸದ ವಿಷಯ. ಮನೆಗೆ ಒಬ್ಬರೇ ಹೊರಗೆ ಹೋಗಬಹುದಿತ್ತು. ಅಳಿಯಂದಿರು ಹೋಗಿ ತರುತ್ತಿದ್ದರು, ನಾನು ತೊಳೆಯುತ್ತಿದ್ದೆ. ಫ್ರಿಜ್ಜಿನ ಮೇಲೆ ಅವರೇ ಒಂದು ಪಟ್ಟಿ ಅಂಟಿಸಿದ್ದರು, ಹೊರಗಿನಿಂದ ಬಂದದ್ದನ್ನೆಲ್ಲ ತೊಳೆಯತಕ್ಕದ್ದು ಅಂತ. ಹಾಲಿನ ಡಬ್ಬ ತೊಳೆದೆ. ಬಾಳೆಹಣ್ಣು ತೊಳೆದೆ. ಕರಿಬೇವನ್ನು ಎಸಳು ಎಸಳಾಗಿ ಸೋಪಿನ ನೀರಿನಲ್ಲಿ ಅದ್ದಿದೆ, ಆ ವಾರದ ಒಗ್ಗರಣೆಯಲ್ಲಿ ನೊರೆಯ ವಾಸನೆ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ರೊಟ್ಟಿ ತಪಾವು ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿ, ತಂದರೆ ಪೊಟ್ಟಣವನ್ನು ಹೊರಗಿಂದ ಒರೆಸಿ, ಒಳಗಿನದನ್ನು ಕಾವಲಿಯ ಮೇಲೆ ಮತ್ತೆ ಸುಡಬೇಕಿತ್ತು. ಒಂದು ಸಲ ತೆಂಗಿನಕಾಯಿಯನ್ನೂ ತೊಳೆಸಿದರು. ಒಡೆದು ಚಿಪ್ಪು ಬಿಸಾಡುವ ಕಾಯಿ.

ಬೂಟಿನ ಪಾರ್ಸೆಲ್ ಬಂದದ್ದು ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ. ಮಗಳು ಮೀಟಿಂಗು, ಅಳಿಯಂದಿರು ಮೀಟಿಂಗು, ಮೊಮ್ಮಗಳು ಬಾಗಿಲು ಹಾಕಿಕೊಂಡು ಗಣಿತದ ಕ್ಲಾಸು. ಡಬ್ಬ ತೆಗೆದೆ. ತಿಳಿ ಗುಲಾಬಿ ಸ್ಯಾಟಿನ್. ಸ್ಯಾಟಿನ್ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ, ಮೂವತ್ತು ವರ್ಷ ಹೊಲಿದಿದ್ದೇನೆ. ಬಿಸಿ ನೀರು ಹಾಕಬಾರದು, ಉಜ್ಜಬಾರದು, ಹಿಂಡಬಾರದು. ತಣ್ಣೀರಿಗೆ ಒಂದು ಚಮಚ ಸೋಪಿನಪುಡಿ ಕದಡಿ ಎರಡನ್ನೂ ಮುಳುಗಿಸಿದೆ. ತುದಿ ಗಟ್ಟಿ ಇತ್ತು. ಹೊಸ ಸೀರೆಗೆ ಹಾಕುವ ಹಾಗೆ ಅಂಗಡಿಯವರು ಗಂಜಿ ಹಾಕಿದ್ದಾರೆ, ಮೊದಲ ಒಗೆತಕ್ಕೆ ಹೋಗುತ್ತದೆ, ಮಗುವಿನ ಬೆರಳಿಗೂ ಒಳ್ಳೆಯದು ಅಂದುಕೊಂಡು ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತುತ್ತಾ ಬಂದೆ. ಮೆತ್ತಗಾಯಿತು. ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು. ಎಷ್ಟು ಕೊಳೆ ನೋಡು, ತೊಳೆದದ್ದು ಒಳ್ಳೆಯದಾಯಿತು ಅಂತ ನನ್ನನ್ನು ನಾನೇ ಮೆಚ್ಚಿಕೊಂಡೆ. ಎರಡು ನೀರು ಜಾಲಿಸಿ ಬಾಲ್ಕನಿಯ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದೆ.

ಮೊಮ್ಮಗಳು ಗಣಿತ ಮುಗಿಸಿ ಹೊರಗೆ ಬಂದಳು. ಖಾಲಿ ಡಬ್ಬ ನೋಡಿದಳು, ಆಮೇಲೆ ಬಾಲ್ಕನಿ ನೋಡಿದಳು.

‘ಅಜ್ಜಿ. ವಾಟ್ ಈಸ್ ದಟ್?’

‘ನಿನ್ನ ಬೂಟು. ತೊಳೆದು ಹಾಕಿದ್ದೀನಿ, ಸಂಜೆಗೆ ಒಣಗುತ್ತೆ.’

ಅವಳು ಹತ್ತಿರ ಹೋಗಿ ತುದಿಯನ್ನು ಒಂದು ಬೆರಳಿನಿಂದ ಮುಟ್ಟಿದಳು. ಬೆರಳು ಹಣ್ಣಾದ ಪರಂಗಿಗೆ ಹೋದ ಹಾಗೆ ಒಳಕ್ಕೆ ಹೋಯಿತು. ತಿರುಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಬಡಿದಿದ್ದರೂ ನನಗೆ ಸಮಾಧಾನ ಇರುತ್ತಿತ್ತು, ಮೆಲ್ಲಗೆ ಹಾಕಿದಳು.

ಮಗಳು ಕಿವಿಗೆ ಯಂತ್ರ ಸಿಕ್ಕಿಸಿಕೊಂಡೇ ಓಡಿಬಂದಳು. ‘ಅಮ್ಮ, ತೊಳೆಯೋಕೆ ಯಾರು ಹೇಳಿದ್ದು ನಿಂಗೆ?’

‘ಫ್ರಿಜ್ಜಿನ ಮೇಲೆ ಅಂಟಿಸಿದಾರಲ್ಲ ನಿನ್ನ ಯಜಮಾನರು.’

‘ಅತ್ತೆ, ಲಿಸ್ಟಿನಲ್ಲಿ ಷೂ ಇರಲಿಲ್ಲ’ ಅಂದರು ಅವರು ಮೇಜಿನಿಂದಲೇ.

‘ತೆಂಗಿನಕಾಯಿನೂ ಇರಲಿಲ್ಲ.’

ಅವರು ಫೋನಿನಲ್ಲಿ ಹುಡುಕಿ ಓದಿ ಹೇಳಿದರು. ಆ ಬೂಟಿನ ತುದಿಯಲ್ಲಿ ಮರವೂ ಇಲ್ಲ, ಕಬ್ಬಿಣವೂ ಇಲ್ಲ. ಗೋಣಿಬಟ್ಟೆ, ಕಾಗದ, ಅಂಟು, ಪದರದ ಮೇಲೆ ಪದರ. ಮೇಲೆ ತೆಳ್ಳಗೆ ಸ್ಯಾಟಿನ್. ಬೆವರಿಗೇ ಸೋಲುವಂಥದ್ದು, ನೀರು ಸೋಕಿಸಲೇ ಬಾರದು. ಅಂದರೆ ಕಡಲು ದಾಟಿ ಬಂದ ಆ ಬೂಟಿನೊಳಗೆ ಇದ್ದದ್ದು ಗೋಣಿಚೀಲ. ಅಂಟು ತಾನೆ, ಮಾಡಿದರಾಯಿತು ಅಂದುಕೊಂಡೆ. ಮೈದಾ ಕಾಯಿಸಿ ಗಟ್ಟಿ ಅಂಟು ಮಾಡಿ ಒಳಗೆಲ್ಲ ಬಳಿದು, ಹಳೇ ಪಂಚೆಯ ತುಂಡು ಪದರ ಕೊಟ್ಟು, ಟೇಬಲ್ ಫ್ಯಾನಿನ ಮುಂದೆ ಎರಡು ದಿನ ಇಟ್ಟೆ. ಗಟ್ಟಿಯಾಯಿತು. ಮೊಮ್ಮಗಳು ಕಾಲಿಗೆ ಹಾಕಿಕೊಂಡಳು, ಕುರ್ಚಿ ಹಿಡಿದು ಅರ್ಧ ಎದ್ದಳು. ಹಪ್ಪಳ ಮುರಿದ ಸದ್ದಾಯಿತು. ಬಿಚ್ಚಿ ನನ್ನ ಕೈಗೆ ಕೊಟ್ಟು ಹೋದಳು. ಕೊಡುವಾಗ ಎರಡೂ ಕೈಯಲ್ಲಿ ಕೊಟ್ಟಳು, ದೇವಸ್ಥಾನದಲ್ಲಿ ತಟ್ಟೆ ಕೊಡುವ ಹಾಗೆ. ಅದು ನನಗೆ ಬೈಗುಳಕ್ಕಿಂತ ಜಾಸ್ತಿ ತಾಗಿತು.

ಶನಿವಾರ ವಿಡಿಯೋ ಕಳಿಸಬೇಕು. ಅಂಗಡಿಗೆ ಫೋನ್ ಮಾಡಿದರೆ ಬೇರೆ ಜೊತೆ ಬರುವುದಕ್ಕೆ ತಿಂಗಳುಗಳು ಬೇಕು ಅಂದರು. ಬೂಟಿಲ್ಲ ಅಂತ ಟೀಚರಿಗೆ ಹೇಳಿದರೆ ಆ ಎಂಟು ಎಣಿಕೆ ಬೇರೆ ಹುಡುಗಿಗೆ ಹೋಗುತ್ತದೆ. ಆಗ ಓದಿದವರಿಬ್ಬರೂ ಸೇರಿ ಉಪಾಯ ಮಾಡಿದರು.

‘ಮೊಣಕಾಲಿನ ಮೇಲೆ ಮಾತ್ರ ಫ್ರೇಮಿನಲ್ಲಿ ಬರೋ ಹಾಗೆ ತೆಗೆಯೋಣ’ ಅಂದರು ಅಳಿಯಂದಿರು. ‘ಏನಾದ್ರೂ ಎತ್ತರದ ಮೇಲೆ ನಿಲ್ಲಿಸಿದ್ರೆ ಸಾಕು, ಎದ್ದು ನಿಂತ ಹಾಗೇ ಕಾಣತ್ತೆ.’

ಪೂಜೆಗೆ ಕೂರುವ ಮಣೆ ತಂದರು. ಎತ್ತರ ಸಾಲದೆ ಅದರ ಕೆಳಗೆ ಅಳಿಯಂದಿರ ದಪ್ಪ ಕಂಪ್ಯೂಟರ್ ಪುಸ್ತಕ ಎರಡು. ನೆಲ ಟೈಲ್ಸು, ಜಾರುತ್ತದೆ ಅಂತ ನನ್ನನ್ನು ನೆಲದ ಮೇಲೆ ಅಂಗಾತ ಅಲ್ಲದಿದ್ದರೂ ಅಡ್ಡಡ್ಡ ಮಲಗಿಸಿ ಮಣೆಯನ್ನು ಹಿಡಿಸಿದರು. ತಪ್ಪು ಮಾಡಿದವಳು, ಹಿಡಿದೆ. ಅಳಿಯಂದಿರು ಫೋನು, ಮಗಳು ಎಣಿಕೆ. ‘ಮುಖ ನಗಲಿ, ಕಂದ. ಕೈ ಮೇಲೆ. ಸ್ವಲ್ಪ ಅಲುಗಾಡು. ಅಮ್ಮ, ನಿನ್ನ ಮುಡಿ ಕಾಣ್ತಿದೆ, ಇನ್ನೂ ಕೆಳಗೆ.’ ಇನ್ನೂ ಕೆಳಗೆ ಹೋಗುವುದಕ್ಕೆ ಹದಿಮೂರನೇ ಮಹಡಿಗೇ ಹೋಗಬೇಕಿತ್ತು. ಏಳು ಸಲ ತೆಗೆದರು. ಕೊನೆಯದು ಚೆನ್ನಾಗಿ ಬಂತು, ಯಾರೂ ಕಂಡುಹಿಡಿಯುವ ಹಾಗಿಲ್ಲ ಅಂತ ಇಬ್ಬರೂ ಬೀಗಿದರು. ನಾನೂ ನೋಡಿದೆ. ನಿಜವೇ, ಏನೂ ಗೊತ್ತಾಗುತ್ತಿರಲಿಲ್ಲ.

ಮೊಮ್ಮಗಳು ಸೋಫಾದಲ್ಲಿ ಕೂತು ಅದನ್ನು ಮೂರು ಸಲ ನೋಡಿದಳು.

‘ಐ ಲುಕ್ ಲೈಕ್ ಐಮ್ ಸ್ಟ್ಯಾಂಡಿಂಗ್ ಇನ್ ಅ ಬಸ್’ ಅಂದಳು.

‘ಇಲ್ಲ ಕಂದ, ತುಂಬ ಚೆನ್ನಾಗಿದೆ’ ಅಂದಳು ಅವರಮ್ಮ.

‘ಅಮ್ಮಾ, ಐ ಡಿಡಂಟ್ ಡೂ ಇಟ್.’

ಅಷ್ಟು ಹೇಳಿ ಆ ವಿಡಿಯೋ ಅಳಿಸಿಹಾಕಿದಳು. ಅಲ್ಲೇ ಕೂತು ಟೀಚರಿಗೆ ಬರೆದಳು, ಬರೆದದ್ದನ್ನು ಗಟ್ಟಿಯಾಗಿ ಓದಿದಳು. ನನ್ನ ಅಜ್ಜಿ ನನ್ನ ಷೂ ತೊಳೆದುಬಿಟ್ಟಿದ್ದಾರೆ, ನನ್ನ ಹತ್ತಿರ ಬೇರೆ ಇಲ್ಲ, ಅಂತ ಅದರ ಅರ್ಥ. ಬರುವ ದಾರಿಯಲ್ಲಿ ಹಾಳಾಯಿತು ಅಂತಾದರೂ ಬರೆಯಬಾರದೇ ಅಂದಳು ಮಗಳು. ‘ಬಟ್ ಅಜ್ಜಿ ವಾಷ್ಡ್ ದೆಮ್’ ಅಂದಳು ಹುಡುಗಿ. ನಾನು ‘ಹೌದು, ನಾನೇ’ ಅಂದೆ. ಮೂರು ದಿನದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಟೀಚರ ಉತ್ತರ ಧ್ವನಿಯಲ್ಲಿ ಬಂತು. ಮೊದಲ ಅರ್ಧ ಬರೀ ನಗು. ಇಷ್ಟು ವರ್ಷದಲ್ಲಿ ಷೂವನ್ನು ನಾಯಿ ಕಡಿದದ್ದು ಕೇಳಿದ್ದೇನೆ, ತೊಳೆದದ್ದು ಇದೇ ಮೊದಲು ಅಂದಳಂತೆ. ಆಮೇಲೆ ನಗು ನಿಲ್ಲಿಸಿ ಎರಡು ಮಾತು. ಆ ಭಾಗ ಇನ್ನೊಬ್ಬಳಿಗೆ ಕೊಡುತ್ತೇನೆ, ನೀನು ಮೆತ್ತನೆ ಬೂಟಿನಲ್ಲಿ ಸಾಲಿನಲ್ಲಿ ನಿಲ್ಲು. ಮುಂದಿನ ಸಲ, ಲಾ. ಅಲ್ಲಿಯವರು ಮಾತಿನ ಕೊನೆಗೊಂದು ‘ಲಾ’ ಹಾಕುತ್ತಾರೆ. ಹುಡುಗಿ ಫೋನು ಮಗುಚಿ ಇಟ್ಟಳು. ಅವಳ ಎಂಟು ಹೋಯಿತು. ನಿಜ ಹೇಳಿದ್ದಕ್ಕೆ ಯಾರೂ ಏನೂ ವಾಪಸ್ಸು ಕೊಡಲಿಲ್ಲ.

ಪ್ರದರ್ಶನವನ್ನು ಒಂದು ಭಾನುವಾರ ಟೀವಿಯಲ್ಲಿ ಹಾಕಿಕೊಂಡು ನೋಡಿದೆವು. ಇಪ್ಪತ್ತು ಚೌಕ, ಇಪ್ಪತ್ತು ಮನೆ. ಒಂದರಲ್ಲಿ ಫ್ರಿಜ್ಜು, ಒಂದರಲ್ಲಿ ಇಸ್ತ್ರಿ ಬಟ್ಟೆಯ ರಾಶಿ, ಒಂದರಲ್ಲಿ ಯಾರದೋ ಅಪ್ಪ ಚಡ್ಡಿಯಲ್ಲಿ ಹಿಂದಿನಿಂದ ದಾಟಿಹೋದರು. ಹಣೆಪಟ್ಟಿಯೆಲ್ಲ ಬೆವರಿಗೆ ನೆನೆದು ಕಣ್ಣಿಗೆ ಇಳಿದಿತ್ತು. ಹಾಡು ಒಂದೇ ಆದರೂ ಇಂಟರ್ನೆಟ್ಟಿನ ದಯದಿಂದ ಕೆಲವರು ಒಂದು ಹೆಜ್ಜೆ ಮುಂದೆ, ಕೆಲವರು ಎರಡು ಹೆಜ್ಜೆ ಹಿಂದೆ. ನನ್ನ ಮೊಮ್ಮಗಳು ಕೆಳಗಿನ ಸಾಲಿನ ಎಡತುದಿ, ನೇರಳೆ ಉಣ್ಣೆಯಲ್ಲಿ. ಮೈಸೂರಿನಲ್ಲಿ ಫೋನಿನಲ್ಲೇ ನೋಡಿದ ನಾದಿನಿ ಆಮೇಲೆ ಕರೆ ಮಾಡಿ, ‘ಮಗು ಚೆನ್ನಾಗಿ ಮಾಡಿತು, ಅಲ್ಲೇನು ಅಷ್ಟೊಂದು ಚಳಿನಾ?’ ಅಂದಳು. ಆ ಎಂಟು ಎಣಿಕೆ ಬಂದಾಗ ಮೂರು ಚೌಕದಲ್ಲಿ ಮೂವರು ಎದ್ದರು. ಕೆಳಗಿನ ಎಡತುದಿಯಲ್ಲಿ ಇವಳು ಕುರ್ಚಿ ಹಿಡಿದು ನಿಂತಿದ್ದಳು. ನನ್ನ ಪಕ್ಕ ಸೋಫಾದಲ್ಲಿ ಕೂತಿದ್ದವಳ ಕಾಲು ದಿಂಬಿನ ಕೆಳಗೆ ಎಂಟೂ ಎಣಿಸಿತು. ನಾನು ಟೀವಿಯನ್ನೇ ನೋಡುತ್ತಿದ್ದೆ.

ಬೇರೆ ಜೊತೆ ಬಂದದ್ದು ಮುಂದಿನ ವರ್ಷ. ಗೇಟಿನ ಕಾವಲಿನವನಿಂದ ಅವಳೇ ಹೋಗಿ ಇಸಿದುಕೊಂಡು ಬಂದಳು, ಡಬ್ಬವನ್ನು ಎದೆಗೆ ಒತ್ತಿಕೊಂಡು, ನಾನಿದ್ದ ಕಡೆಯನ್ನು ತಪ್ಪಿಸಿ ಬಳಸಿಕೊಂಡು. ಆ ಬೂಟಿಗೆ ರಿಬ್ಬನ್ ಹೊಲಿದು ಬರುವುದಿಲ್ಲವಂತೆ, ಕುಣಿಯುವವಳೇ ಹೊಲಿದುಕೊಳ್ಳಬೇಕು, ಅದು ಅವರಲ್ಲಿ ಪದ್ಧತಿ. ಟೀಚರ್ ಕಂಪ್ಯೂಟರಿನಲ್ಲಿ ತೋರಿಸಿಕೊಟ್ಟಿದ್ದಳು. ನನ್ನ ಸೂಜಿಡಬ್ಬ ತೆಗೆದುಕೊಂಡು ಬಾಲ್ಕನಿಯ ಬಾಗಿಲ ಹತ್ತಿರ ನೆಲದ ಮೇಲೆ ಕೂತಳು.

‘ಕೊಡು ಇಲ್ಲಿ, ಐದು ನಿಮಿಷದ ಕೆಲಸ’ ಅಂದೆ.

‘ನೋ.’

ನಾನು ಕೈ ಕಟ್ಟಿಕೊಂಡು ಎದುರಿಗೆ ಕೂತೆ. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ದಾರ ಎರಡೆಳೆ ಹಾಕಬೇಕಿತ್ತು, ಒಂದೆಳೆ ಹಾಕಿದ್ದಳು. ಬೆರಳಿಗೆ ಎರಡು ಸಲ ಚುಚ್ಚಿಕೊಂಡಳು, ಬಾಯಿಗಿಟ್ಟುಕೊಂಡಳು. ಒಂದು ರಿಬ್ಬನ್ ಓರೆಯಾಗಿ ಕೂತು, ಬಿಚ್ಚಿ ಮತ್ತೆ ಹೊಲಿದಳು. ಮೂವತ್ತು ವರ್ಷ ಹೊಲಿದವಳು ಅಂಥ ಹೊಲಿಗೆ ನೋಡಿಕೊಂಡು ಬಾಯಿ ಮುಚ್ಚಿಕೊಂಡಿರುವುದು ಸಣ್ಣ ಕೆಲಸವಲ್ಲ. ಕೊನೆಗೆ ಗಂಟು ಹಾಕಬೇಕು. ಅವಳು ಹಾಕಿದ ಗಂಟು ಬಟ್ಟೆಯೊಳಗಿಂದ ನುಸುಳಿ ಬಂತು. ಇನ್ನೊಂದು ಹಾಕಿದಳು, ಅದೂ ಬಂತು. ನನ್ನ ಮುಖ ನೋಡಿದಳು.

‘ಅಜ್ಜಿ, ಗಂಟು ಹೇಗೆ?’ ಅಂದಳು, ಕನ್ನಡದಲ್ಲಿ.

ನಾನು ಎದ್ದು ಹತ್ತಿರ ಹೋಗುವುದಕ್ಕೆ ನೋಡಿದೆ. ಬೂಟನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

‘ಅಲ್ಲಿಂದಲೇ ತೋರಿಸು. ಮುಟ್ಟಬೇಡ.’

ಕೂತಲ್ಲೇ, ದಾರವಿಲ್ಲದೆ, ಗಾಳಿಯಲ್ಲಿ ಬೆರಳು ಸುತ್ತಿ ತೋರಿಸಿದೆ.